ಬಿಸ್ಕೂಪಿನ್: ಪೋಲೆಂಡಿನ ಒಂದು ಸಣ್ಣ ಗ್ರಾಮದ ಭೂಗೋಳ ಮತ್ತು ಇತಿಹಾಸ

ದೇಶಗಳ ಇತಿಹಾಸವನ್ನು ಅವುಗಳ ರಾಜಧಾನಿಗಳಿಂದ ಆರಂಭಿಸಿ ಬರೆಯುವುದು ನಮ್ಮಲ್ಲಿ ಬಹುಕಾಲದಿಂದ ಬಂದ ರೂಢಿ. ಗ್ರಾಮಗಳು ಅಂಥ ಇತಿಹಾಸದಲ್ಲಿ ಪ್ರವೇಶಿಸುವುದು ಯುದ್ಧ ನಡೆದ ಬಯಲುಗಳಾಗಿ, ಇಲ್ಲವೆ ದಾನಶಾಸನಗಳಲ್ಲಿ ಉಕ್ತವಾದ ಹೆಸರುಗಳಾಗಿ ಮಾತ್ರ. ಆದರೆ ಒಂದು ದೇಶವು ತನ್ನ ಪ್ರಾಚೀನತೆಯ ಸಾಕ್ಷಿಯನ್ನೇ ಒಂದು ಸಣ್ಣ ಗ್ರಾಮದ ಕೆಸರಿನಲ್ಲಿ ಕಂಡುಕೊಂಡದ್ದೂ ಉಂಟು. ಅದನ್ನು ಆಕ್ರಮಿಸಿದ ಇನ್ನೊಂದು ದೇಶವು ಅದೇ ಕೆಸರಿನಲ್ಲಿ ತನ್ನ ಹಕ್ಕುಪತ್ರವನ್ನು ಹುಡುಕಿದ್ದೂ ಉಂಟು. ಪೋಲೆಂಡಿನ ಬಿಸ್ಕೂಪಿನ್ ಅಂಥ ಗ್ರಾಮ. ಅದರ ಭೂಸನ್ನಿವೇಶವನ್ನೂ ಇತಿಹಾಸವನ್ನೂ ಸಂಗ್ರಹವಾಗಿ ನಿರೂಪಿಸಿ, ಅಲ್ಲಿಯ ಅವಶೇಷಗಳು ನಿಜವಾಗಿ ಏನನ್ನು ಹೇಳುತ್ತವೆ, ಏನನ್ನು ಹೇಳಲಾರವು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ. ಇತಿಹಾಸವನ್ನು ಬೋಧಿಸುವವರಿಗೂ ಅಭ್ಯಾಸ ಮಾಡುವವರಿಗೂ ಈ ಪ್ರಶ್ನೆ ಪರದೇಶದ್ದಲ್ಲವೆಂದು ನಾವು ಭಾವಿಸುತ್ತೇವೆ.

1. ಭೂಸನ್ನಿವೇಶ

ಪೋಲೆಂಡಿನ ವಾಯವ್ಯ ಭಾಗದಲ್ಲಿ, ಪೊಜ್ನಾನ್ ಮತ್ತು ಬಿಡ್ಗೊಶ್ಚ್ ನಗರಗಳ ನಡುವೆ, ಪವೂಕಿ ಎಂಬ ಪುರಾತನ ಸೀಮೆಯೊಂದಿದೆ. ಈ ಸೀಮೆಯ ಮುಖ್ಯ ಪಟ್ಟಣ ಝ್ನಿನ್. ಅದರ ದಕ್ಷಿಣಕ್ಕೆ ಕೆಲವೇ ಕಿಲೋಮೀಟರು ದೂರದಲ್ಲಿ, ಗೊನ್ಸಾವಾ ಎಂಬ ಊರಿಗೆ ಸಮೀಪವಾಗಿ, ಬಿಸ್ಕೂಪಿನ್ ಗ್ರಾಮವು ತನ್ನದೇ ಹೆಸರಿನ ಸರೋವರದ ದಂಡೆಯ ಮೇಲೆ ನೆಲೆಸಿದೆ. ಪೋಲೆಂಡಿನ ಪ್ರಥಮ ಆರ್ಚ್‌ಬಿಷಪ್ ಪೀಠವಾದ ಗ್ನ್ಯೆಜ್ನೊ ನಗರವು ಇಲ್ಲಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರು. ಗ್ರಾಮದ ಜನಸಂಖ್ಯೆ ಕೆಲವು ನೂರುಗಳನ್ನು ಮೀರದು.

ಈ ಪ್ರದೇಶದ ನೆಲವನ್ನು ರೂಪಿಸಿದ್ದು ಹಿಮಯುಗ. ಸುಮಾರು 20,000 ವರ್ಷಗಳ ಹಿಂದೆ ಸ್ಕ್ಯಾಂಡಿನೇವಿಯದ ಕಡೆಯಿಂದ ಹರಡಿದ್ದ ಹಿಮದ ಹೊದಿಕೆಯು ಇಲ್ಲಿಯ ನೆಲವನ್ನೆಲ್ಲ ಆವರಿಸಿತ್ತು. ಹಿಮದ ತಳದಲ್ಲಿ ಕರಗಿದ ನೀರು ಒತ್ತಡದಿಂದ ಹರಿದು ಉದ್ದವಾದ, ಕಿರಿದಾದ ಕೊರಕಲುಗಳನ್ನು ಕಡೆಯಿತು. ಹಿಮವು ಹಿಂದೆ ಸರಿದ ಮೇಲೆ ಆ ಕೊರಕಲುಗಳಲ್ಲಿ ನೀರು ನಿಂತು ಸರೋವರಗಳಾದವು. ಆದುದರಿಂದಲೇ ಪವೂಕಿ ಸೀಮೆಯ ಸರೋವರಗಳು ದಾರದಲ್ಲಿ ಪೋಣಿಸಿದ ಮಣಿಗಳಂತೆ ಸಾಲಾಗಿವೆ. ಅವುಗಳನ್ನು ಪೋಣಿಸಿರುವ ದಾರವೆಂದರೆ ಗೊನ್ಸಾವ್ಕಾ ಎಂಬ ಚಿಕ್ಕ ನದಿ. ಅದು ದಕ್ಷಿಣದಿಂದ ಉತ್ತರಕ್ಕೆ ಒಂದರಿಂದೊಂದು ಸರೋವರವನ್ನು ಹಾದು ಹರಿದು ನೊತೆಚ್ ನದಿಯನ್ನು ಸೇರುತ್ತದೆ. ಬಿಸ್ಕೂಪಿನ್ ಸರೋವರವು ಈ ಮಾಲೆಯಲ್ಲಿಯ ಒಂದು ಮಣಿ. ಅದರ ವಿಸ್ತಾರ ನೂರು ಹೆಕ್ಟೇರಿಗೆ ಸ್ವಲ್ಪ ಹೆಚ್ಚು.

ಹಿಮವು ಬಿಟ್ಟುಹೋದ ಜೇಡಿ ಮಿಶ್ರಿತ ಮಣ್ಣು ಫಲವತ್ತಾದದ್ದು. ಮಳೆ ಮಾತ್ರ ಕಡಿಮೆ. ವರ್ಷಕ್ಕೆ ಸುಮಾರು 500 ಮಿಲಿಮೀಟರು. ಪೋಲೆಂಡಿನಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಇದು ಸೇರುತ್ತದೆ. ಹೀಗಿದ್ದರೂ ತಗ್ಗುಗಳಲ್ಲಿ ನೀರು ನಿಂತು, ಸಸ್ಯಗಳು ಕೊಳೆಯದೆ ಪದರಪದರವಾಗಿ ಸಂಚಯವಾಗಿ, ಜೌಗುಮಣ್ಣಿನ ದಪ್ಪ ಹಾಸು ಉಂಟಾಗಿದೆ. ಈ ಜೌಗುಮಣ್ಣನ್ನು ರೈತರು ಅಗೆದು ಒಣಗಿಸಿ ಉರುವಲಾಗಿ ಉಪಯೋಗಿಸುತ್ತಿದ್ದರು. ಫಲವತ್ತಾದ ನೆಲ, ಮೀನುಳ್ಳ ನೀರು, ಓಕ್ ಮತ್ತು ಪೈನ್ ಮರಗಳ ಕಾಡು, ನೀರಿನಿಂದ ರಕ್ಷಿತವಾದ ತಾಣ - ಈ ನಾಲ್ಕೂ ಒಂದೆಡೆ ಕೂಡಿದ್ದರಿಂದಲೇ ಇಲ್ಲಿ ಮನುಷ್ಯರು ಬಹು ಪ್ರಾಚೀನ ಕಾಲದಿಂದ ನೆಲೆಸಿದರು. ನೀರು ತುಂಬಿದ ಮಣ್ಣಿನಲ್ಲಿ ಮರ ಕೊಳೆಯುವುದಿಲ್ಲವೆಂಬ ಇನ್ನೊಂದು ಕಾರಣದಿಂದ ಅವರು ನೆಲೆಸಿದ್ದ ಗುರುತೂ ಉಳಿಯಿತು.

2. ಲಿಖಿತ ಇತಿಹಾಸದ ಗ್ರಾಮ

ಪೋಲಿಷ್ ಭಾಷೆಯಲ್ಲಿ 'ಬಿಸ್ಕೂಪ್' ಎಂದರೆ ಬಿಷಪ್ಪನು. ಗ್ರಾಮದ ಹೆಸರೇ ಅದರ ಮಧ್ಯಯುಗದ ಸ್ಥಿತಿಯನ್ನು ಸೂಚಿಸುತ್ತದೆ. ಝ್ನಿನ್ ಸುತ್ತಲಿನ ಭೂಮಿ ಗ್ನ್ಯೆಜ್ನೊ ಆರ್ಚ್‌ಬಿಷಪ್ಪರ ಸ್ವತ್ತಾಗಿತ್ತು. 1136ರಲ್ಲಿ ಪೋಪ್ 2ನೆಯ ಇನ್ನೊಸೆಂಟನು ಹೊರಡಿಸಿದ ಆಜ್ಞಾಪತ್ರವು ಆ ಪೀಠದ ಆಸ್ತಿಗಳನ್ನು ಎಣಿಸುತ್ತ ಝ್ನಿನ್ ಸೀಮೆಯನ್ನೂ ಹೇಳುತ್ತದೆ. ಲ್ಯಾಟಿನ್ ಭಾಷೆಯ ಆ ಪತ್ರದಲ್ಲಿ ಊರುಗಳ ಮತ್ತು ರೈತರ ಸುಮಾರು 410 ಪೋಲಿಷ್ ಹೆಸರುಗಳು ಬಂದಿರುವುದರಿಂದ ಪೋಲಿಷ್ ಭಾಷೆಯ ಚರಿತ್ರಕಾರರಿಗೆ ಅದು ಅಮೂಲ್ಯ ಆಕರವಾಗಿದೆ. ಧರ್ಮಪೀಠದ ಲೆಕ್ಕದವರು ತೆರಿಗೆಗಾಗಿ ಬರೆದಿಟ್ಟ ಹೆಸರುಗಳಿಂದಲೇ ಒಂದು ಭಾಷೆಯ ಬಾಲ್ಯ ನಮಗೆ ತಿಳಿದುಬರುವುದು ಗಮನಾರ್ಹ ಸಂಗತಿ.

1227ರ ನವೆಂಬರಿನಲ್ಲಿ ಪೋಲಿಷ್ ರಾಜಪುತ್ರರ ಸಭೆಯೊಂದು ಗೊನ್ಸಾವಾದಲ್ಲಿ ಸೇರಿತು. ಆಗ ಸ್ನಾನಗೃಹದಲ್ಲಿದ್ದ 'ಬಿಳಿಯ' ಲೆಷೆಕ್ ಎಂಬ ಕ್ರಾಕೊವ್ ಪ್ರಭುವಿನ ಮೇಲೆ ಶತ್ರುಗಳು ಬಿದ್ದರು. ಅವನು ಕುದುರೆಯೇರಿ ತಪ್ಪಿಸಿಕೊಳ್ಳಲು ಯತ್ನಿಸಿ ಸಮೀಪದ ಮಾರ್ಚಿಂಕೊವೊದಲ್ಲಿ ಹತನಾದನು. ಈ ಸೀಮೆಯು ಪೋಲೆಂಡಿನ ರಾಜಕೀಯ ಇತಿಹಾಸದ ಮುನ್ನೆಲೆಗೆ ಬಂದುದು ಇಂಥ ಕ್ಷಣಗಳಲ್ಲಿ ಮಾತ್ರ.

18ನೆಯ ಶತಮಾನದ ಅಂತ್ಯಭಾಗದಲ್ಲಿ ರಷ್ಯ, ಪ್ರಷ್ಯ ಮತ್ತು ಆಸ್ಟ್ರಿಯಗಳು ಪೋಲೆಂಡನ್ನು ಮೂರು ಸಲ ಹಂಚಿಕೊಂಡು 1795ರಲ್ಲಿ ಅದನ್ನು ಭೂಪಟದಿಂದಲೇ ಅಳಿಸಿದವು. ಪವೂಕಿ ಸೀಮೆ ಪ್ರಷ್ಯದ ಪಾಲಾಯಿತು. 1894ರಲ್ಲಿ ಝ್ನಿನ್ ಜಿಲ್ಲೆಯಲ್ಲಿ 600 ಮಿಲಿಮೀಟರು ಅಗಲದ ಹಳಿಗಳ ಕಿರುರೈಲು ಬಂತು. ಅದರ ಮುಖ್ಯ ಕೆಲಸ ಹೊಲಗಳ ಸಕ್ಕರೆಗೆಡ್ಡೆಯನ್ನು ಕಾರ್ಖಾನೆಗೆ ಒಯ್ಯುವುದು. 1918ರ ಡಿಸೆಂಬರಿನಲ್ಲಿ ಪೊಜ್ನಾನಿನಲ್ಲಿ ಎದ್ದ ದಂಗೆಯ ಫಲವಾಗಿ ಈ ಭಾಗವು ಪುನಃ ಸ್ಥಾಪಿತವಾದ ಪೋಲೆಂಡಿಗೆ ಸೇರಿತು. 123 ವರ್ಷ ಅಸ್ತಿತ್ವವಿಲ್ಲದೆ ಇದ್ದ ರಾಜ್ಯವೊಂದಕ್ಕೆ ತನ್ನ ಗಡಿಗಳು ನ್ಯಾಯವಾದವೆಂದು ಲೋಕಕ್ಕೆ ಸಿದ್ಧಮಾಡಿ ತೋರಿಸಬೇಕೆಂಬ ತವಕವಿದ್ದುದು ಸಹಜ. ಬಿಸ್ಕೂಪಿನ್ನಿನ ಮುಂದಿನ ಕಥೆ ಅರ್ಥವಾಗಬೇಕಾದರೆ ಈ ತವಕವನ್ನು ನೆನಪಿನಲ್ಲಿಡುವುದು ಆವಶ್ಯಕ.

3. ಶೋಧ

ಗೊನ್ಸಾವ್ಕಾ ನದಿಯ ಪಾತ್ರವನ್ನು ಸರಿಪಡಿಸಿದ್ದರಿಂದ 1930ರ ದಶಕದ ಆರಂಭದಲ್ಲಿ ಸರೋವರದ ನೀರಿನ ಮಟ್ಟ ತಗ್ಗಿತು. 1933ರಲ್ಲಿ ಗ್ರಾಮದ ಶಾಲೆಯ ಉಪಾಧ್ಯಾಯರಾದ ವಾಲೆಂಟಿ ಶ್ವಾಯ್ಟ್ಸರ್ ತಮ್ಮ ವಿದ್ಯಾರ್ಥಿಗಳೊಡನೆ ಸರೋವರದ ಕಡೆಗೆ ಹೋಗಿದ್ದಾಗ, ಅದರೊಳಕ್ಕೆ ಚಾಚಿಕೊಂಡಿದ್ದ ಭೂಶಿರದ ಅಂಚಿನಲ್ಲಿ ನೀರಿನಿಂದ ಮೇಲೆದ್ದಿದ್ದ ಮರದ ಗೂಟಗಳನ್ನು ಕಂಡರು. ಅವು ತಾವಾಗಿ ಅಲ್ಲಿ ನಿಂತವಲ್ಲ, ಮನುಷ್ಯರ ಕೈಯಿಂದ ಕ್ರಮವಾಗಿ ನೆಡಲ್ಪಟ್ಟವು ಎಂದು ಅವರು ಗುರುತಿಸಿದರು. ಸುದ್ದಿ ಪೊಜ್ನಾನ್ ವಿಶ್ವವಿದ್ಯಾನಿಲಯದ ಪ್ರಾಗಿತಿಹಾಸದ ಪ್ರಾಧ್ಯಾಪಕರಾದ ಯೂಝೆಫ್ ಕೊಸ್ಟ್ಶೆವ್ಸ್ಕಿಯವರನ್ನು ಮುಟ್ಟಿತು. 1934ರಲ್ಲಿ ಉತ್ಖನನ ಆರಂಭವಾಯಿತು. ಅವರ ಶಿಷ್ಯರಾದ ಜ್ದಿಸ್ವಾಫ್ ರಯೆವ್ಸ್ಕಿಯವರು ಈ ಕಾರ್ಯದಲ್ಲಿ ಅವರಿಗೆ ಬಲಗೈಯಾಗಿದ್ದರು.

ಉತ್ಖನನದ ಕ್ರಮವೂ ಆ ಕಾಲಕ್ಕೆ ಹೊಸದಾಗಿತ್ತು. ಹಗ್ಗದಿಂದ ಕಟ್ಟಿದ ಬಲೂನಿನಿಂದ ಮೇಲುನೋಟದ ಛಾಯಾಚಿತ್ರಗಳನ್ನು ತೆಗೆದರು. ಸರೋವರದ ತಳವನ್ನು ಪರೀಕ್ಷಿಸಲು ಮುಳುಗುಗಾರರನ್ನು ಇಳಿಸಿದರು. ಮರ, ಬೀಜ, ಎಲುಬುಗಳನ್ನು ಪ್ರಕೃತಿಶಾಸ್ತ್ರಜ್ಞರಿಗೆ ಪರಿಶೀಲನೆಗಾಗಿ ಒಪ್ಪಿಸಿದರು. 1939ರ ಆರಂಭದ ವೇಳೆಗೆ ಸುಮಾರು 2,500 ಚದರ ಮೀಟರು ನೆಲವನ್ನು ಬಿಡಿಸಿದ್ದರು. ಮಂತ್ರಿಗಳು, ಸೇನಾಧಿಕಾರಿಗಳು, ಧರ್ಮಗುರುಗಳು, ಶಾಲಾಮಕ್ಕಳು ಎಲ್ಲರೂ ನೋಡಲು ಬಂದರು. ಪತ್ರಿಕೆಗಳು ಈ ಸ್ಥಳವನ್ನು 'ಪೋಲೆಂಡಿನ ಪಾಂಪೆ' ಎಂದು ಕರೆದವು.

4. ಮರದ ಪಟ್ಟಣದ ಸ್ವರೂಪ

ಈಗ ಭೂಶಿರವಾಗಿರುವ ಸ್ಥಳವು ಆಗ ದ್ವೀಪವಾಗಿತ್ತು. ಅದರ ಸುಮಾರು 2 ಹೆಕ್ಟೇರು ನೆಲದ ಮೇಲೆ ಅಂಡಾಕಾರದ ಕೋಟೆಯನ್ನು ಕಟ್ಟಿದ್ದರು. ಕೋಟೆಯ ಗೋಡೆ ಕಲ್ಲಿನದಲ್ಲ. ದಿಮ್ಮಿಗಳಿಂದ ಪೆಟ್ಟಿಗೆಗಳಂತೆ ಅಂಕಣಗಳನ್ನು ಕಟ್ಟಿ, ಅವುಗಳೊಳಗೆ ಮಣ್ಣನ್ನೂ ಮರಳನ್ನೂ ತುಂಬಿದ್ದರು. ಇದರ ಸುತ್ತಳತೆ ಸುಮಾರು 450 ಮೀಟರು, ದಪ್ಪ ಮೂರೂವರೆ ಮೀಟರು. ಅಲೆಗಳ ಹೊಡೆತವೂ ವಸಂತದಲ್ಲಿ ಒಡೆದು ತೇಲಿಬರುವ ಹಿಮದ ಗಡ್ಡೆಗಳೂ ಗೋಡೆಯನ್ನು ಕೊರೆಯದಂತೆ, ಅದರ ಹೊರಗೆ ನೀರಿನಲ್ಲಿ ಸಾವಿರಾರು ಗೂಟಗಳನ್ನು ಓರೆಯಾಗಿ ಹಲವು ಸಾಲುಗಳಲ್ಲಿ ಬಡಿದಿದ್ದರು. ಶ್ವಾಯ್ಟ್ಸರ್ ಮತ್ತು ಅವರ ಮಕ್ಕಳು ಕಂಡದ್ದು ಇಂಥ ಗೂಟಗಳನ್ನೇ. ನೈಋತ್ಯದಲ್ಲಿ ಹೆಬ್ಬಾಗಿಲು, ಅಲ್ಲಿಂದ ದಡಕ್ಕೆ ಮರದ ಸೇತುವೆ.

ಕೋಟೆಯ ಒಳಗೆ, ಗೋಡೆಯನ್ನು ಅನುಸರಿಸಿ ಒಂದು ಸುತ್ತುಬೀದಿ. ಅದನ್ನು ಕೂಡುವ 11 ಅಡ್ಡಬೀದಿಗಳು, ಒಂದಕ್ಕೊಂದು ಸಮಾನಾಂತರವಾಗಿ. ನೆಲ ಜವುಗಾದುದರಿಂದ ಸುಮಾರು ಮೂರು ಮೀಟರು ಅಗಲದ ಈ ಬೀದಿಗಳಿಗೆಲ್ಲ ದಿಮ್ಮಿಗಳನ್ನು ಹಾಸಿದ್ದರು. ಬೀದಿಗಳ ಉದ್ದಕ್ಕೂ ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲುಗಳು. ಮನೆಗಳ ಒಟ್ಟು ಸಂಖ್ಯೆ ಸುಮಾರು ನೂರು. ಪ್ರತಿಯೊಂದೂ ಹೆಚ್ಚುಕಡಿಮೆ 8 ಮೀಟರಿಗೆ 10 ಮೀಟರು. ಬಾಗಿಲುಗಳು ದಕ್ಷಿಣಕ್ಕೆ ಮುಖ ಮಾಡಿದ್ದವು. ಚಳಿಗಾಲದಲ್ಲಿ ಸೂರ್ಯನು ದಕ್ಷಿಣ ದಿಗಂತದ ಸಮೀಪದಲ್ಲೇ ಚಲಿಸುವ ಆ ಅಕ್ಷಾಂಶದಲ್ಲಿ ಇದರ ಪ್ರಯೋಜನ ಸ್ಪಷ್ಟ. ಗೋಡೆ ಕಟ್ಟುವ ಬಗೆಯೂ ಸರಳ ಮತ್ತು ಜಾಣತನದ್ದು: ನೆಟ್ಟ ಕಂಬಗಳಿಗೆ ಉದ್ದಕ್ಕೂ ಗಾಡಿ ಕೊರೆದು, ಅಡ್ಡ ದಿಮ್ಮಿಗಳ ತುದಿಗಳನ್ನು ಕಿರಿದಾಗಿಸಿ ಆ ಗಾಡಿಯೊಳಕ್ಕೆ ಇಳಿಬಿಡುವುದು. ಮೊಳೆಯ ಅಗತ್ಯವಿಲ್ಲ, ಒಂದೇ ಅಳತೆಯ ದಿಮ್ಮಿಗಳನ್ನು ಮೊದಲೇ ಸಿದ್ಧಮಾಡಿಟ್ಟುಕೊಂಡರೆ ಮನೆಯ ಮೇಲೆ ಮನೆಯನ್ನು ಬೇಗ ನಿಲ್ಲಿಸಬಹುದು.

ಮನೆಯೊಳಗೆ ಮೊದಲು ಒಂದು ಮುಂಗೋಣೆ. ಬಳಿಕ ಕಲ್ಲಿನ ಒಲೆಯಿದ್ದ ದೊಡ್ಡ ಕೋಣೆ. ಈ ಜನ ನವಣೆಯ ಜಾತಿಯ ಕಿರುಧಾನ್ಯ, ಗೋಧಿ, ಬಾರ್ಲಿ ಹಾಗೂ ದ್ವಿದಳ ಧಾನ್ಯಗಳನ್ನು ಬೆಳೆಯುತ್ತಿದ್ದರು. ದನ, ಹಂದಿ, ಕುರಿ, ಮೇಕೆಗಳನ್ನು ಸಾಕುತ್ತಿದ್ದರು. ಕಂಚು ಮತ್ತು ಕಬ್ಬಿಣ ಎರಡನ್ನೂ ಬಲ್ಲವರಾಗಿದ್ದರು. ಸತ್ತವರನ್ನು ಸುಟ್ಟು, ಬೂದಿಯನ್ನು ಮಡಕೆಗಳಲ್ಲಿಟ್ಟು ಹೂಳುವುದು ಅವರ ಸಂಸ್ಕೃತಿಯ ಪದ್ಧತಿ. ಮಧ್ಯ ಯೂರೋಪಿನಲ್ಲಿ ಬಹು ವಿಶಾಲವಾಗಿ ಹರಡಿದ್ದ ಈ ಸಂಸ್ಕೃತಿಯನ್ನು ವಿದ್ವಾಂಸರು 'ಲುಸೇಷಿಯನ್ ಸಂಸ್ಕೃತಿ' ಎಂದು ಕರೆಯುತ್ತಾರೆ. ಲುಸೇಷಿಯ ಎಂಬುದು ಇಂದಿನ ಜರ್ಮನಿ ಮತ್ತು ಪೋಲೆಂಡುಗಳ ಗಡಿಯಲ್ಲಿರುವ ಒಂದು ಸೀಮೆ. ಈ ಹೆಸರು ನಾವು ಕೊಟ್ಟದ್ದು. ಅವರು ತಮ್ಮನ್ನು ಏನೆಂದು ಕರೆದುಕೊಂಡರೆಂಬುದಕ್ಕೆ ಒಂದು ಅಕ್ಷರವೂ ಉಳಿದಿಲ್ಲ.

ಪಟ್ಟಣದ ಜನಸಂಖ್ಯೆ 800ರಿಂದ 1,000 ಎಂದು ಪುಸ್ತಕಗಳಲ್ಲಿ ಓದುತ್ತೇವೆ. ವಿದ್ಯಾರ್ಥಿಗಳು ಈ ಅಂಕಿಯ ಮೂಲವನ್ನು ಗಮನಿಸಬೇಕು. ಇದು ಯಾರೂ ಎಣಿಸಿ ಬರೆದಿಟ್ಟದ್ದಲ್ಲ. ಮನೆಗಳ ಸಂಖ್ಯೆಯನ್ನು, ಒಂದು ಮನೆಯಲ್ಲಿ ಎಂಟು ಹತ್ತು ಜನ ಇದ್ದಿರಬಹುದೆಂಬ ಊಹೆಯಿಂದ ಗುಣಿಸಿ ಪಡೆದದ್ದು. ಮನೆಗಳೆಲ್ಲ ಒಂದೇ ಅಳತೆಯವಾಗಿರುವುದರಿಂದ ಇಲ್ಲಿ ಒಡೆಯ ಆಳು ಎಂಬ ಭೇದವಿರಲಿಲ್ಲವೆಂದು ಹೇಳುವವರಿದ್ದಾರೆ. ಆದರೆ ನೂರು ಮನೆಗಳನ್ನು ಒಂದೇ ಅಚ್ಚಿನಲ್ಲಿ ಕಟ್ಟಿಸಬೇಕಾದರೆ ಎಲ್ಲರ ಮೇಲೂ ಆಜ್ಞೆ ನಡೆಸಬಲ್ಲ ಒಬ್ಬನು ಇದ್ದಿರಬೇಕೆಂದು ವಾದಿಸಲೂ ಅಡ್ಡಿಯಿಲ್ಲ. ಒಂದೇ ಅವಶೇಷವು ಪರಸ್ಪರ ವಿರುದ್ಧವಾದ ಎರಡು ತೀರ್ಮಾನಗಳಿಗೆ ಎಡೆಕೊಡುವಾಗ, ಎರಡನ್ನೂ ತೀರ್ಮಾನವೆನ್ನದೆ ಊಹೆಯೆನ್ನುವುದು ಲೇಸು.

5. ಒಂದು ಪಟ್ಟಣ, ಎರಡು ಹಕ್ಕುಗಳು

19ನೆಯ ಶತಮಾನದ ಕೊನೆಯಿಂದ ಜರ್ಮನಿಯಲ್ಲಿ ಗುಸ್ತಾಫ್ ಕೊಸ್ಸಿನ್ನಾ ಎಂಬ ಪ್ರಭಾವಶಾಲಿ ವಿದ್ವಾಂಸರು ಒಂದು ಸಿದ್ಧಾಂತವನ್ನು ಪ್ರತಿಪಾದಿಸಿದರು. ಒಂದೇ ಬಗೆಯ ಮಡಕೆ, ಆಯುಧ, ಆಭರಣ, ಶವಸಂಸ್ಕಾರಗಳು ಸ್ಪಷ್ಟವಾದ ಎಲ್ಲೆಯೊಳಗೆ ಎಲ್ಲಿ ದೊರೆಯುತ್ತವೆಯೋ ಅಲ್ಲಿ ಒಂದೇ ಜನಾಂಗ ವಾಸವಾಗಿತ್ತು. ಆ ವಸ್ತುಗಳ ಎಲ್ಲೆಯೇ ಆ ಜನಾಂಗದ ಎಲ್ಲೆ. ಆ ಜನಾಂಗದ ಹೆಸರನ್ನು ಇತಿಹಾಸಕಾಲದಿಂದ ಹಿಂದಕ್ಕೆ ಹಿಂದಕ್ಕೆ ಒಯ್ಯಬಹುದು - ಇದು ಆ ಸಿದ್ಧಾಂತದ ಸಾರ. 1919ರಲ್ಲಿ, ಪೋಲೆಂಡಿನ ಗಡಿ ನಿರ್ಣಯವಾಗುತ್ತಿದ್ದ ಹೊತ್ತಿನಲ್ಲಿ, ವಿಸ್ತುಲಾ ನದಿಯ ಪ್ರದೇಶವು ಜರ್ಮಾನಿಕ್ ಜನರ ಪುರಾತನ ತಾಯ್ನೆಲವೆಂದು ಸಾಧಿಸುವ ಪುಸ್ತಕವನ್ನು ಅವರು ಪ್ರಕಟಿಸಿದರು. ಮಡಕೆಯ ಚೂರು ಗಡಿಯ ಕಲ್ಲಾದದ್ದು ಹೀಗೆ.

ಬಿಸ್ಕೂಪಿನ್ನನ್ನು ಅಗೆಸಿದ ಕೊಸ್ಟ್ಶೆವ್ಸ್ಕಿಯವರು ಬರ್ಲಿನ್ನಿನಲ್ಲಿ ಇದೇ ಕೊಸ್ಸಿನ್ನಾ ಅವರ ಬಳಿ ವ್ಯಾಸಂಗ ಮಾಡಿ 1914ರಲ್ಲಿ ಡಾಕ್ಟರೇಟ್ ಪಡೆದಿದ್ದವರು. ಗುರುವಿನ ತೀರ್ಮಾನಗಳನ್ನು ಅವರು ಜೀವಮಾನವೆಲ್ಲ ಖಂಡಿಸಿದರು. ಆದರೆ ಗುರುವಿನ ವಿಧಾನವನ್ನು ಕೈಬಿಡಲಿಲ್ಲ. ಲುಸೇಷಿಯನ್ ಸಂಸ್ಕೃತಿಯ ಜನ ಜರ್ಮಾನಿಕರಲ್ಲ, ಸ್ಲಾವ್ ಜನರ ಪೂರ್ವಿಕರು. ಆದುದರಿಂದ ಪೋಲರು ಈ ನೆಲದಲ್ಲಿ ಎರಡೂವರೆ ಸಾವಿರ ವರ್ಷಗಳಿಂದಲೂ ಇದ್ದಾರೆ ಎಂಬುದು ಅವರ ವಾದ. ಎರಡು ವಾದಗಳಲ್ಲಿಯೂ ತಕ್ಕಡಿ ಒಂದೇ, ಕಲ್ಲೂ ಒಂದೇ. ತೂಗಿದ ಕೈ ಮಾತ್ರ ಬೇರೆ. ಗಡಿಯಿಂದ ಕೆಲವೇ ಹತ್ತು ಕಿಲೋಮೀಟರು ದೂರದಲ್ಲಿ, ಸುವ್ಯವಸ್ಥಿತವಾದ ಕೋಟೆಪಟ್ಟಣವೊಂದು ದೊರೆತುದು ಪೋಲೆಂಡಿನ ಜನತೆಗೆ ಎಂಥ ಹೆಮ್ಮೆಯನ್ನು ತಂದಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ.

1939ರ ಸೆಪ್ಟೆಂಬರಿನಲ್ಲಿ ಜರ್ಮನಿ ಪೋಲೆಂಡಿನ ಮೇಲೆ ದಂಡೆತ್ತಿತು. ಬಿಸ್ಕೂಪಿನ್ ಇದ್ದ ಪ್ರದೇಶವನ್ನು ಜರ್ಮನಿಯೊಳಕ್ಕೇ ಸೇರಿಸಿಕೊಂಡು 'ವಾರ್ಟೆಲಾಂಡ್' ಎಂದು ಹೆಸರಿಟ್ಟರು. ಪೊಜ್ನಾನ್ ವಿಶ್ವವಿದ್ಯಾನಿಲಯವನ್ನು ಮುಚ್ಚಿದರು. ಲಕ್ಷಾಂತರ ಪೋಲರನ್ನು ಮನೆ ಹೊಲಗಳಿಂದ ಎಬ್ಬಿಸಿ ಪೂರ್ವಕ್ಕೆ ಅಟ್ಟಿದರು. ಕೊಸ್ಟ್ಶೆವ್ಸ್ಕಿಯವರು ಸುಳ್ಳು ಹೆಸರಿನಲ್ಲಿ ತಲೆಮರೆಸಿಕೊಂಡು ಯುದ್ಧಕಾಲವನ್ನು ಕಳೆದರು. ಹಿಮ್ಲರನ ಆಶ್ರಯದಲ್ಲಿ 1935ರಲ್ಲಿ ಸ್ಥಾಪಿತವಾಗಿದ್ದ 'ಆನೆನ್‌ಎರ್ಬೆ', ಎಂದರೆ 'ಪೂರ್ವಜರ ಪರಂಪರೆ' ಎಂಬ ಎಸ್.ಎಸ್. ಸಂಸ್ಥೆಯು, ಹಾನ್ಸ್ ಶ್ಲೈಫ್ ಎಂಬ ವಾಸ್ತುತಜ್ಞನ ನೇತೃತ್ವದಲ್ಲಿ 1940ರಿಂದ 1942ರ ವರೆಗೆ ಬಿಸ್ಕೂಪಿನ್ನಿನಲ್ಲಿ ಉತ್ಖನನ ನಡೆಸಿತು. ಸ್ಥಳದ ಹೆಸರನ್ನೂ 'ಊರ್‌ಷ್ಟೆಟ್' ಎಂದು ಬದಲಿಸಿದರು. ಈ ನೆಲ ಪುರಾತನ ಕಾಲದಲ್ಲಿಯೇ ಜರ್ಮಾನಿಕರಿಗೆ ಸೇರಿತ್ತೆಂಬ ವಾದಕ್ಕೆ ಆಧಾರವನ್ನು ಒದಗಿಸುವುದೇ ಈ ಕಾರ್ಯದ ಹಿಂದಿನ ರಾಜಕೀಯ ಪ್ರೇರಣೆ.

ವಿಧಾನದ ದೋಷವು ಎರಡೂ ಕಡೆ ಇದ್ದಿತೆಂದು ಹೇಳುವಾಗ ನಾವು ಒಂದು ಎಚ್ಚರವನ್ನು ವಹಿಸಬೇಕು. ದೋಷ ಸಮಾನವಾಗಿದ್ದ ಮಾತ್ರಕ್ಕೆ ಅಪರಾಧವೂ ಸಮಾನವೆಂದಾಗದು. ಒಂದು ಕಡೆ, ಪುನಃ ಹುಟ್ಟಿದ ರಾಜ್ಯವೊಂದರ ಪ್ರಾಧ್ಯಾಪಕರು ತಮ್ಮ ನೆಲದ ಮೇಲಿನ ಪ್ರೇಮದಿಂದ ಸಾಕ್ಷ್ಯವನ್ನು ಮೀರಿ ಮಾತಾಡಿದರು. ಅದರ ಫಲ ಪುಸ್ತಕಗಳಲ್ಲಿ ಉಳಿಯಿತು. ಇನ್ನೊಂದು ಕಡೆ ಅದೇ ಬಗೆಯ ತರ್ಕದ ಹಿಂದೆ ಬಂದೂಕು ಇತ್ತು. ಜನರನ್ನು ಅವರ ಊರುಗಳಿಂದ ಎಬ್ಬಿಸುವ ಆಡಳಿತವು ಅದನ್ನು ಸಮರ್ಥನೆಯಾಗಿ ಬಳಸಿತು. 'ಈ ನೆಲ ಮೊದಲು ಯಾರದು?' ಎಂಬ ಪ್ರಶ್ನೆ ತರಗತಿಯಲ್ಲಿ ಕೇಳಿದಾಗ ನಿರುಪದ್ರವಿಯಾಗಿ ಕಾಣುತ್ತದೆ. ಅದಕ್ಕೆ ಉತ್ತರ ಕೊಟ್ಟವರು 1940ರಲ್ಲಿ ಏನು ಮಾಡಿದರೆಂಬುದನ್ನು ಬಲ್ಲವರು ಆ ಪ್ರಶ್ನೆಯನ್ನು ಹಗುರಾಗಿ ಕೇಳಲಾರರು.

ಯುದ್ಧಾನಂತರ ಪೋಲಿಷ್ ವಿದ್ವಾಂಸರು ಉತ್ಖನನವನ್ನು ಪುನಃ ಕೈಗೊಂಡರು. ಅದು 1974ರ ವರೆಗೂ ನಡೆಯಿತು. ಯುದ್ಧದ ತರುವಾಯದ ಪೀಳಿಗೆಯ ಅನೇಕ ಉತ್ಖನನಕಾರರು ಬಿಸ್ಕೂಪಿನ್ನಿನ ಶಿಬಿರಗಳಲ್ಲಿಯೇ ತರಬೇತು ಹೊಂದಿದರು. ಪೋಲೆಂಡು ಕ್ರೈಸ್ತಧರ್ಮವನ್ನು ಸ್ವೀಕರಿಸಿದ 966ನೆಯ ವರ್ಷದಿಂದ ಸಾವಿರ ವರ್ಷ ತುಂಬಿದ 1966ರ ಸುತ್ತಮುತ್ತ ರಾಜ್ಯದ ಮೂಲವನ್ನು ಕುರಿತ ಸಂಶೋಧನೆಗೆ ಹೇರಳವಾದ ಪ್ರೋತ್ಸಾಹ ದೊರೆಯಿತು. ಸ್ಲಾವ್ ಮೂಲದ ವಾದವೂ ಪಾಠಪುಸ್ತಕಗಳಲ್ಲಿ ಬಹುಕಾಲ ನಿಂತಿತು.

6. ಮರದ ಬಳೆಗಳು ನುಡಿದ ಕಾಲ

ಪಟ್ಟಣ ಯಾರದೆಂಬ ವಾದ ನಡೆಯುತ್ತಿದ್ದಾಗ ಅದು ಎಂದಿನದೆಂಬ ಪ್ರಶ್ನೆಗೇ ಖಚಿತವಾದ ಉತ್ತರವಿರಲಿಲ್ಲ. ಮಡಕೆ ಮತ್ತು ಆಭರಣಗಳ ರೂಪವನ್ನು ಹೋಲಿಸಿ ಶತಮಾನವನ್ನು ಅಂದಾಜು ಮಾಡಬಹುದಾಗಿತ್ತು, ಅಷ್ಟೆ. ವಿಕಿರಣಶೀಲ ಇಂಗಾಲದ ವಿಧಾನ ಬಂದ ಮೇಲೂ ಇಲ್ಲಿಯ ತೊಡಕು ಬಗೆಹರಿಯಲಿಲ್ಲ. ಕ್ರಿ. ಪೂ. ಸುಮಾರು 800ರಿಂದ 400ರ ವರೆಗಿನ ಅವಧಿಯಲ್ಲಿ ವಾಯುಮಂಡಲದ ಇಂಗಾಲದ ಪ್ರಮಾಣದಲ್ಲಿ ಉಂಟಾದ ಏರುಪೇರಿನಿಂದಾಗಿ, ಆ ಇಡೀ ನಾಲ್ಕು ಶತಮಾನಗಳ ವಸ್ತುಗಳು ಆ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಒಂದೇ ವಯಸ್ಸನ್ನು ತೋರಿಸುತ್ತವೆ. ಬಿಸ್ಕೂಪಿನ್ ದುರ್ದೈವದಿಂದ ಆ ಅವಧಿಯೊಳಗೇ ಬೀಳುತ್ತದೆ.

ಉತ್ತರ ದೊರೆತುದು ಓಕ್ ದಿಮ್ಮಿಗಳಿಂದಲೇ. ಋತುಗಳು ಸ್ಪಷ್ಟವಾಗಿರುವ ದೇಶಗಳಲ್ಲಿ ಮರವು ವರ್ಷಕ್ಕೊಂದು ಬಳೆಯಂತೆ ಬೆಳೆಯುತ್ತದೆ. ಒಳ್ಳೆಯ ವರ್ಷದ ಬಳೆ ಅಗಲ, ಕೆಟ್ಟ ವರ್ಷದ್ದು ಕಿರಿದು. ಒಂದು ಪ್ರದೇಶದ ಮರಗಳಲ್ಲೆಲ್ಲ ಈ ಅಗಲ ಕಿರಿದುಗಳ ಅನುಕ್ರಮ ಹೋಲುತ್ತದೆ. ಇಂದು ಕಡಿದ ಮರದ ಒಳಬಳೆಗಳನ್ನು ಹಳೆಯ ಕಟ್ಟಡದ ತೊಲೆಯ ಹೊರಬಳೆಗಳೊಡನೆ, ಆ ತೊಲೆಯ ಒಳಬಳೆಗಳನ್ನು ಇನ್ನೂ ಹಳೆಯ ಮರದೊಡನೆ ಹೊಂದಿಸುತ್ತ ಹೋದರೆ ಸಾವಿರಾರು ವರ್ಷಗಳ ಎಡೆಬಿಡದ ಪಂಚಾಂಗವೊಂದು ಸಿದ್ಧವಾಗುತ್ತದೆ. ತೊಗಟೆಯ ತನಕ ಉಳಿದ ದಿಮ್ಮಿ ಸಿಕ್ಕಿದರೆ ಅದರ ಕೊನೆಯ ಬಳೆಯಿಂದ ಮರವನ್ನು ಕಡಿದ ವರ್ಷವನ್ನಷ್ಟೇ ಅಲ್ಲ, ಋತುವನ್ನೂ ಹೇಳಬಹುದು.

1990ರ ದಶಕದಲ್ಲಿ ಈ ವಿಧಾನವನ್ನು ಬಿಸ್ಕೂಪಿನ್ನಿನ ಓಕ್ ದಿಮ್ಮಿಗಳಿಗೆ ಅನ್ವಯಿಸಿದಾಗ, ಅವುಗಳನ್ನು ಕ್ರಿ. ಪೂ. 747ರಿಂದ 722ರ ಒಳಗೆ ಕಡಿದರೆಂದೂ, ಅರ್ಧಕ್ಕಿಂತ ಹೆಚ್ಚಿನ ಮರಗಳನ್ನು ಕ್ರಿ. ಪೂ. 738-737ರ ಒಂದೇ ಚಳಿಗಾಲದಲ್ಲಿ ಕಡಿದರೆಂದೂ ತಿಳಿದುಬಂತು. ಈ ಒಂದು ವಾಕ್ಯದಿಂದ ಎಷ್ಟು ವಿಷಯ ಬೆಳಕಿಗೆ ಬರುತ್ತದೆಂಬುದನ್ನು ಗಮನಿಸಬೇಕು. ಪಟ್ಟಣಕ್ಕೆ ಬಳಸಿದ ಮರದ ಪ್ರಮಾಣ 6,000ದಿಂದ 8,000 ಘನಮೀಟರು ಎಂಬ ಅಂದಾಜಿದೆ. ಅದರ ಬಹುಭಾಗವನ್ನು ಒಂದು ಚಳಿಗಾಲದಲ್ಲಿ ಕೆಡವಬೇಕಾದರೆ, ಜನ ಮೊದಲೇ ಕಲೆತು ಮಾತಾಡಿರಬೇಕು, ಕೆಲಸವನ್ನು ಹಂಚಿಕೊಂಡಿರಬೇಕು, ಆ ಚಳಿಗಾಲಕ್ಕೆ ಸಾಲುವಷ್ಟು ಧಾನ್ಯವನ್ನು ಕೂಡಿಟ್ಟಿರಬೇಕು. ಬೇಸಾಯದ ಕೆಲಸವಿಲ್ಲದ, ನೆಲವೂ ಸರೋವರವೂ ಹೆಪ್ಪುಗಟ್ಟಿ ದಿಮ್ಮಿಗಳನ್ನು ಎಳೆಯಲು ಅನುಕೂಲವಾದ ಕಾಲವನ್ನು ಅವರು ಆರಿಸಿಕೊಂಡದ್ದೂ ಆಕಸ್ಮಿಕವಾಗಿರಲಾರದು. ತಲೆಮಾರುಗಳಲ್ಲಿ ನಿಧಾನವಾಗಿ ಬೆಳೆದ ಊರು ಇದಲ್ಲ. ಒಂದು ಸಂಕಲ್ಪದಿಂದ ಎದ್ದ ಊರು.

ಅಂತೆಯೇ ಅದರ ಬಾಳೂ ಹಿಂದಿನವರು ಎಣಿಸಿದ್ದಷ್ಟು ದೀರ್ಘವಾಗಿರಲಿಲ್ಲವೆಂದು ಹಲವು ವಿದ್ವಾಂಸರು ಈಗ ಅಭಿಪ್ರಾಯಪಡುತ್ತಾರೆ. ಏರುತ್ತ ಬಂದ ಸರೋವರದ ನೀರು, ಸುತ್ತಲಿನ ಕಾಡಿನ ಕ್ಷಯ - ಪಟ್ಟಣವನ್ನು ಬಿಟ್ಟುಹೋಗಲು ಇಂಥ ಕಾರಣಗಳನ್ನು ಸೂಚಿಸಿದ್ದಾರೆ. ಒಂದು ಚಳಿಗಾಲದಲ್ಲಿ ಕಾಡನ್ನು ಬರಿದುಮಾಡಿ ಕಟ್ಟಿದ ಊರು, ರಿಪೇರಿಗೆ ಬೇಕಾದ ಮರವನ್ನೇ ಅರಸಬೇಕಾಗಿ ಬಂದುದು ನಂಬಲರ್ಹವಾದ ಮಾತೇ.

7. ಹೇಳಲಾಗದ ಸಂಗತಿ

ಹಾಗಾದರೆ ಬಿಸ್ಕೂಪಿನ್ನನ್ನು ಕಟ್ಟಿದವರು ಯಾರು? ಪೋಲೆಂಡಿನ ನೆಲದಲ್ಲಿ ಸ್ಲಾವ್ ಜನರ ಇರುವಿಕೆಗೆ ಸಂದೇಹವಿಲ್ಲದ ಆಧಾರಗಳು ದೊರೆಯುವುದು ಕ್ರಿ. ಶ. 6ನೆಯ ಶತಮಾನದ ಈಚೆಗೆ. ಕೋಟೆಪಟ್ಟಣಕ್ಕೂ ಆ ಕಾಲಕ್ಕೂ ನಡುವೆ ಒಂದು ಸಾವಿರ ವರ್ಷಕ್ಕೂ ಮೀರಿದ ಅಂತರವಿದೆ. ಆ ಜನ ಬರೆಯಲಿಲ್ಲ. ಆದುದರಿಂದ ಅವರ ಭಾಷೆ ನಮಗೆ ತಿಳಿಯದು. ಸತ್ತವರನ್ನು ಸುಟ್ಟುದರಿಂದ, ಎಲುಬುಗಳಿಂದ ವಂಶವನ್ನು ಶೋಧಿಸುವ ಇಂದಿನ ವಿಧಾನಕ್ಕೂ ಅಲ್ಲಿ ಅವಕಾಶ ಅತ್ಯಲ್ಪ. ಮಡಕೆಯನ್ನು ಒಬ್ಬರಿಂದೊಬ್ಬರು ಕಲಿಯಬಹುದು, ಕೊಳ್ಳಬಹುದು, ಅನುಕರಿಸಬಹುದು, ಮಡಕೆಗೆ ಮಾತೃಭಾಷೆಯಿಲ್ಲ. ಈ ಕಾರಣಗಳಿಂದ ಪೋಲಿಷ್ ವಿದ್ವಾಂಸರೂ ಸೇರಿದಂತೆ ಇಂದಿನ ಹೆಚ್ಚಿನ ಸಂಶೋಧಕರು ಲುಸೇಷಿಯನ್ ಜನರಿಗೆ ಸ್ಲಾವ್ ಎಂದಾಗಲಿ ಜರ್ಮಾನಿಕ್ ಎಂದಾಗಲಿ ಹೆಸರಿಡಲು ಒಪ್ಪುವುದಿಲ್ಲ.

ಇದರಿಂದ ಬಿಸ್ಕೂಪಿನ್ನಿನ ಬೆಲೆ ಕುಂದಿತೇ? ನಮ್ಮ ಅಭಿಪ್ರಾಯದಲ್ಲಿ ಹೆಚ್ಚಿತು. 'ಇವರು ನಮ್ಮವರೇ?' ಎಂಬ ಪ್ರಶ್ನೆಯೊಂದನ್ನೇ ಕೇಳುತ್ತಿದ್ದಾಗ, ಅವರು ದಿಮ್ಮಿಯನ್ನು ಹೇಗೆ ಹೊಂದಿಸಿದರು, ಯಾವ ಕಾಳನ್ನು ಬಿತ್ತಿದರು, ಯಾವ ಚಳಿಗಾಲದಲ್ಲಿ ಕಾಡಿಗೆ ನಡೆದರು ಎಂಬವೆಲ್ಲ ಅಡಿಟಿಪ್ಪಣಿಗಳಾಗಿದ್ದವು. ಆ ಪ್ರಶ್ನೆಯನ್ನು ಬದಿಗಿಟ್ಟ ಮೇಲೆ ಇವೇ ಇತಿಹಾಸವಾದವು. ಆ ಪಟ್ಟಣದ ಜನ ಯಾರ ಪೂರ್ವಜರೆಂಬುದು ಸಿದ್ಧವಾಗದಿದ್ದರೂ ಅವರು ಏನು ಮಾಡಿದರೆಂಬುದು ವರ್ಷ ಮತ್ತು ಋತುವಿನ ಸಹಿತ ಸಿದ್ಧವಾಗಿದೆ. ಅಷ್ಟು ನಿಖರವಾಗಿ ತಿಳಿದ ಸಂಗತಿಗಳು ಆ ಕಾಲದ ಉತ್ತರ ಯೂರೋಪಿನಲ್ಲಿ ಬಹಳವಿಲ್ಲ.

8. ಇಂದಿನ ಗ್ರಾಮ

1994ರಲ್ಲಿ ಪೋಲೆಂಡು ಸರ್ಕಾರವು ಬಿಸ್ಕೂಪಿನ್ನನ್ನು ರಾಷ್ಟ್ರದ ಐತಿಹಾಸಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿತು. ಭೂಶಿರದ ಮೇಲೆ ಹೆಬ್ಬಾಗಿಲು, ಕೋಟೆಯ ಒಂದು ಭಾಗ ಮತ್ತು ಮನೆಗಳ ಸಾಲುಗಳನ್ನು ಪುನಃ ರಚಿಸಿ ತೋರಿಸಿದ್ದಾರೆ. ನಿಜವಾದ ದಿಮ್ಮಿಗಳನ್ನಾದರೋ ಮಣ್ಣಿನಡಿಯಲ್ಲಿ ತೇವ ಆರದಂತೆ ಮತ್ತೆ ಮುಚ್ಚಿಟ್ಟು, ನೀರಿನ ಮಟ್ಟವನ್ನೂ ಗುಣವನ್ನೂ ಪರೀಕ್ಷಿಸುತ್ತಿದ್ದಾರೆ. ಗಾಳಿ ತಗುಲಿ ಒಣಗಿದರೆ 27 ಶತಮಾನ ಬಾಳಿದ ಮರ ಕೆಲವೇ ವರ್ಷಗಳಲ್ಲಿ ಬಿರಿದು ಪುಡಿಯಾಗುತ್ತದೆ. ನೋಡಬೇಕೆಂಬ ಆಸೆಯನ್ನು ಅಡಗಿಸಿಕೊಂಡು ಮುಚ್ಚಿಡುವುದೂ ಸಂರಕ್ಷಣೆಯ ಒಂದು ಮಾರ್ಗವೆಂಬುದಕ್ಕೆ ಇದು ನಿದರ್ಶನ. 1995ರಿಂದ ಇಲ್ಲಿ ಪ್ರಾಕ್ತನ ವಿದ್ಯೆಯ ಉತ್ಸವಗಳು ನಡೆಯುತ್ತ ಬಂದಿವೆ. ಸಕ್ಕರೆಗೆಡ್ಡೆಯನ್ನು ಹೊರುತ್ತಿದ್ದ ಕಿರುರೈಲು ಈಗ ಬೇಸಗೆಯಲ್ಲಿ ಪ್ರವಾಸಿಗಳನ್ನು ಹೊರುತ್ತದೆ. ಪಕ್ಕದ ವೆನೆತ್ಸ್ಯಾ ಗ್ರಾಮದಲ್ಲಿ ಆ ರೈಲಿನ ಹಳೆಯ ಇಂಜಿನುಗಳ ವಸ್ತುಸಂಗ್ರಹಾಲಯವೂ ಇದೆ.

ಉಪಸಂಹಾರ

ಬಿಸ್ಕೂಪಿನ್ನಿನ ಇತಿಹಾಸದಲ್ಲಿ ಪ್ರಾಧ್ಯಾಪಕರ ವಾದಗಳೂ ಸರ್ಕಾರಗಳ ಆಸೆಗಳೂ ಬಂದುಹೋದವು. ಉಳಿದದ್ದು ಎರಡು: ಸರೋವರದ ಅಂಚಿನಲ್ಲಿ ನಿಂತು 'ಈ ಗೂಟಗಳು ಇಲ್ಲಿಗೆ ಹೇಗೆ ಬಂದವು?' ಎಂದು ಕೇಳಿದ ಗ್ರಾಮೋಪಾಧ್ಯಾಯರೊಬ್ಬರ ನೋಟ, ಮತ್ತು ಕ್ರಿ. ಪೂ. 738ರ ಚಳಿಗಾಲವನ್ನು ತನ್ನ ಕೊನೆಯ ಬಳೆಯಲ್ಲಿ ಹಿಡಿದಿಟ್ಟ ಓಕ್ ಮರ. ಒಬ್ಬರು ಕಂಡುದನ್ನು ಕಂಡಷ್ಟೇ ಹೇಳಿದರು. ಇನ್ನೊಂದು ತಾನು ಬೆಳೆದಷ್ಟನ್ನೇ ಹೇಳಿತು.

ಅಗೆದ ನೆಲದ ವರದಿಯನ್ನು ಬರೆಯುವ ವಿದ್ಯಾರ್ಥಿಯು ದೊರೆತುದನ್ನು ಒಂದು ಪುಟದಲ್ಲಿಯೂ, ತಾನು ಊಹಿಸಿದ್ದನ್ನು ಬೇರೊಂದು ಪುಟದಲ್ಲಿಯೂ ಬರೆಯುವ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಬೇಕು. ಎರಡನೆಯ ಪುಟವನ್ನು ಮುಂದಿನವರು ಹರಿದುಹಾಕಬೇಕಾಗಿ ಬಂದರೂ ಮೊದಲನೆಯ ಪುಟ ಉಳಿಯುತ್ತದೆ. ಬಿಸ್ಕೂಪಿನ್ನಿನ ಉತ್ಖನನಕಾರರು ದಿಮ್ಮಿಗಳ ಸ್ಥಾನವನ್ನು ಎಚ್ಚರದಿಂದ ಗುರುತಿಸಿ ನಕ್ಷೆ ಬರೆದಿಟ್ಟಿದ್ದರಿಂದಲೇ, ಅವರ ತೀರ್ಮಾನವನ್ನು ಒಪ್ಪದ ಇಂದಿನ ವಿದ್ವಾಂಸರೂ ಅವರ ಕೆಲಸವನ್ನು ಆಧಾರವಾಗಿಟ್ಟುಕೊಂಡು ಮುಂದುವರಿಯಲು ಸಾಧ್ಯವಾಗಿದೆ. ಸಂಶೋಧಕನಿಗೆ ಸಲ್ಲಬಹುದಾದ ಗೌರವಗಳಲ್ಲಿ ಇದು ಕಡಿಮೆಯದಲ್ಲ.